ನಲವತ್ತೇಳು ಓಗೊಟ್ಟ ದಿನ

ನಮ್ಮ ಊರಿನ ಹೆಸರು ಕೇಳಬೇಡಿ. ಹೇಳಲು ನನಗೇನೂ ಅಡ್ಡಿಯಿಲ್ಲ. ನೀವು ಬರೆದುಕೊಂಡರೆ ಬೆಳಗಾಗುವಷ್ಟರಲ್ಲಿ ಕಾಗದದ ಆ ಜಾಗ ಬರಿದಾಗಿರುತ್ತದೆ, ಅಷ್ಟೆ. ಊರಿಗೆ ಸೇರಿದ ಯಾವ ಮಾತೂ ಬರಹದಲ್ಲಿ ಒಂದು ರಾತ್ರಿ ದಾಟಿ ಉಳಿದದ್ದಿಲ್ಲ. ಮಸಿಯಲ್ಲಿ ಬರೆಯಿರಿ, ಕಲ್ಲಿನಲ್ಲಿ ಕೊರೆಯಿರಿ, ಕಂಪ್ಯೂಟರಿನ ಹೊಟ್ಟೆಯೊಳಗೆ ತುಂಬಿಡಿ. ಮೂಡಣ ಕೆಂಪಾಯಿತೆಂದರೆ ಎಲ್ಲ ತೊಳೆದಿಟ್ಟ ಹಾಗೆ. ನಮ್ಮ ಶಾಲೆಯಲ್ಲಿ ಬೋರ್ಡು ಒರೆಸುವ ಬಟ್ಟೆ ಇಲ್ಲ. ಮದುವೆಯ ಕರೆಯೋಲೆಯನ್ನು ಕೊಟ್ಟು ಬರುವುದಿಲ್ಲ, ಎದುರಿಗೆ ನಿಂತು ಓದಿ ಬರುತ್ತೇವೆ. ಸಂಜೆಯಾದ ಮೇಲೆ ಯಾರೂ ಪತ್ರ ಬರೆಯಲು ಕೂರುವುದಿಲ್ಲ.

ಉಳಿಯಬೇಕಾದದ್ದನ್ನು ಬಾಯಿಪಾಠದವರು ಉಳಿಸುತ್ತಾರೆ. ಒಬ್ಬರು ಹೊಲದ ಗಡಿಗಳನ್ನು, ಒಬ್ಬರು ಹುಟ್ಟು ಸಾವುಗಳನ್ನು, ಇನ್ನೊಬ್ಬರು ಯಾರ ಮೈಗೆ ಯಾವ ಔಷಧಿ ಒಗ್ಗುವುದಿಲ್ಲ ಎಂಬುದನ್ನು ನಾಲಗೆಯ ಮೇಲೆ ಹೊತ್ತುಕೊಂಡು ಬದುಕುತ್ತಾರೆ. ಮರೆಯಬೇಕಾದದ್ದನ್ನು ಹಲಗೆಯಮ್ಮನಿಗೆ ಒಪ್ಪಿಸುತ್ತೇವೆ. ಅವಳ ಗುಡಿಯೊಳಗೆ ವಿಗ್ರಹವಿಲ್ಲ, ಎದೆಮಟ್ಟದ ಒಂದು ಕರಿಯ ಹಲಗೆಗಲ್ಲು ನಿಂತಿದೆ. ಬೈಗಿನಲ್ಲಿ ಹೋಗಿ ಸುಣ್ಣದ ಕಡ್ಡಿಯಿಂದ ಅದರ ಮೇಲೆ ಬರೆದು, ಕೈಮುಗಿದು, ಹಿಂದಿರುಗಿ ನೋಡದೆ ಬರಬೇಕು. ತಾಯಿ ಬೆಳಗಾಗುವುದರೊಳಗೆ ಒರೆಸಿಬಿಡುತ್ತಾಳೆ. ಆ ದಿನದ ಸಂಜೆ ನಾನೂ ಆ ಕಲ್ಲಿನ ಮುಂದೆ ಸುಣ್ಣದ ಕಡ್ಡಿ ಹಿಡಿದು ನಿಂತಿದ್ದೆ. ಅದನ್ನು ಆಮೇಲೆ ಹೇಳುತ್ತೇನೆ.

ನನ್ನ ಹೆಸರು ಶಿವಮಲ್ಲಿ. ಹೊಳೆ ಕಚೇರಿಯ ನಂಬರುಗಳ ಬಾಯಿಪಾಠ ನನ್ನದು. ನನಗಿಂತ ಮುಂಚೆ ಅದು ಸಣ್ಣೀರಮ್ಮನವರದಾಗಿತ್ತು. ಹದಿನಾರು ವರ್ಷ ಅವರ ಕುರ್ಚಿಯ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತು ಕಲಿತವಳು ನಾನು.

ಹೊಳೆ ಕಚೇರಿ ಎಂದರೆ ಒಂದು ಕೋಣೆ, ಒಂದು ಕಂಪ್ಯೂಟರು, ಮಾಳಿಗೆಯ ಮೇಲೆ ಒಂದು ಸೈರನ್ನು. ಮೇಲುಗಡೆಯ ಕಟ್ಟೆಯವರು ಬೇಸಗೆಯಲ್ಲಿ ಕಾಲುವೆಗಾಗಿ ವಾರಕ್ಕೆ ಎರಡೋ ಮೂರೋ ಸಲ ಹೊಳೆಗೆ ನೀರು ಬಿಡುತ್ತಾರೆ. ಬಿಡುವ ದಿನ ಒಂಬತ್ತು ಗಂಟೆಗೆ ನಮಗೆ ಕಂಪ್ಯೂಟರಿನಲ್ಲಿ ಸುದ್ದಿ ಬರುತ್ತದೆ, ಹನ್ನೊಂದಕ್ಕೆ ಅಲ್ಲಿ ಬಾಗಿಲು ಎತ್ತುತ್ತಾರೆ, ಹನ್ನೊಂದೂವರೆಗೆ ನೀರು ನಮ್ಮ ನಡುಗಡ್ಡೆ ಮುಟ್ಟುತ್ತದೆ. ಆ ನಡುಗಡ್ಡೆಯ ಮರಳಿನಲ್ಲಿ ಹನ್ನೆರಡು ಮನೆಯವರು ಕರಬೂಜ, ಸೌತೆ ಬೆಳೆಯುತ್ತಾರೆ. ದಾಟಿ ಹೋಗುವಾಗ ಕಾಲಿನ ಹರಡು ಮುಳುಗುವಷ್ಟು ನೀರು. ಬಾಗಿಲು ಎತ್ತಿದರೆ ಅದೇ ಜಾಗದಲ್ಲಿ ಆಳು ಮುಳುಗುವಷ್ಟು. ನನ್ನ ತಂಗಿ ಕೆಂಪಿ ದಿನಾ ಅಲ್ಲಿಗೆ ಹೋಗುತ್ತಾಳೆ. ಅವಳಿಗೆ ಈಜು ಬಾರದು.

ಕಂಪ್ಯೂಟರಿಗೆ ನೆನಪು ಎಂಬುದಿಲ್ಲ. ಅದರ ನೆನಪಿನ ಡಬ್ಬಿಯನ್ನು ಯಾವ ಕಾಲದಲ್ಲೋ ಬಿಚ್ಚಿ ಇಟ್ಟಿದ್ದೇವೆ, ದಿನಾ ಬೆಳಿಗ್ಗೆ ಬರಿದಾಗುವುದನ್ನು ಇಟ್ಟುಕೊಂಡು ಏನು ಮಾಡುವುದು? ಹೊರಗಿನ ಊರಿನಲ್ಲಿ ತುಂಬಿಸಿ ತಂದ ಒಂದು ಪೆನ್‌ಡ್ರೈವಿನಿಂದ ಅದು ಏಳುತ್ತದೆ. ಆ ಕಡ್ಡಿಯಲ್ಲಿರುವುದು ಊರಿಗೆ ಸೇರಿದ ಮಾತಲ್ಲ, ಆದ್ದರಿಂದ ಅದು ಅಳಿಯುವುದಿಲ್ಲ. ಎದ್ದಾಗ ಅದು ಹಸುಗೂಸು. ತಾನು ಯಾರು, ತನ್ನ ಮನೆ ಯಾವುದು, ಬೀದಿ ಯಾವುದು ಒಂದೂ ಗೊತ್ತಿರುವುದಿಲ್ಲ. ನಾನು ದೀಪ ಹಚ್ಚಿ, ನಾಲ್ಕು ಸಾಲು ನಂಬರು ಹೇಳಿಕೊಳ್ಳುತ್ತಾ ಒತ್ತಬೇಕು: ಮನೆ ನಂಬರು, ಬೀದಿ ನಂಬರು, ಹೆಬ್ಬಾಗಿಲ ನಂಬರು, ಹೆಸರು ಹೇಳಿದರೆ ದಾರಿ ತೋರಿಸುವವನ ನಂಬರು. ಮನೆ ನಂಬರಿನ ಕೊನೆ ನಲವತ್ತೇಳು. ಕಟ್ಟೆಯವರಿಗೆ ಗೊತ್ತಿರುವುದು ಆ ನಲವತ್ತೇಳೇ. ಬೇರೆ ಯಾರು ಹೋಗಿ ಬಡಿದರೂ ಅವರು ಬಾಗಿಲು ತೆಗೆಯುವುದಿಲ್ಲ. ಸಂಜೆ ಸ್ವಿಚ್ಚು ಆರಿಸಿದರೆ ಎಲ್ಲ ಮರೆತು ಮಲಗುತ್ತದೆ. ಮಾರನೆಯ ದಿನ ಮತ್ತೆ ಅದೇ ಪಾಠ.

ಸಣ್ಣೀರಮ್ಮ ತೀರಿಕೊಂಡ ಹನ್ನೊಂದನೆಯ ದಿನ ಒಂದು ತೊಡಕು ಬಂತು. ನಮ್ಮಲ್ಲಿ ಸತ್ತವರ ಹೆಸರನ್ನು ಹನ್ನೊಂದನೆಯ ದಿನ ಒಂದು ಕೂಸಿಗೆ ಕೊಡಬೇಕು. ಬರೆದಿಡಲು ಆಗದ ಊರು. ಕೊಡದಿದ್ದರೆ ಆ ಹೆಸರು ಎಲ್ಲಿ ಹೋಗಿ ನಿಲ್ಲಬೇಕು? ಆದರೆ ಆ ತಿಂಗಳು ಊರಿನಲ್ಲಿ ಒಂದು ಕೂಸೂ ಹುಟ್ಟಿರಲಿಲ್ಲ. ಆಗ ಅವರ ಮಗಳು ಪುಟ್ಟತಾಯಮ್ಮ, ಹಾಲಿನ ಡೈರಿ ನೋಡಿಕೊಳ್ಳುವವಳು, ಒಂದು ಮಾತು ತೆಗೆದಳು. "ಡೈರಿಗೆ ಮೊನ್ನೆ ತಾನೆ ಹೊಸ ಕಂಪೂಟ್ರು ಬಂದದೆ. ಅದೂ ಕೂಸೇ ಅಲ್ವಾ? ನಮ್ಮವ್ವ ತನ್ನ ಹೆಸರಿಗಿಂತ ಹೊಳೆ ಕಚೇರಿ ನಂಬರ್ನೇ ಹೆಚ್ಚು ಸತಿ ಕರೆದವ್ಳೆ. ಆ ನಂಬರ್ನೇ ಇದಕ್ಕೆ ಕೊಟ್ಬುಡಿ." ಹಿರಿಯರು ತಲೆಯಾಡಿಸಿದರು. ತೊಟ್ಟಿಲು ಕಟ್ಟಿದರು. ಕಂಪ್ಯೂಟರನ್ನು ಅದರಲ್ಲಿಟ್ಟು, ದೃಷ್ಟಿಯಾಗದಿರಲಿ ಎಂದು ಪರದೆಯ ಅಂಚಿಗೆ ಕಾಡಿಗೆಯ ಬೊಟ್ಟು ಇಟ್ಟರು. ಬಾಯಿಪಾಠ ನನ್ನದಾದ್ದರಿಂದ ಕಿವಿಯಲ್ಲಿ ಹೇಳುವ ಕೆಲಸವೂ ನನ್ನದೇ ಆಯಿತು. ಅದರ ಗಾಳಿಕಿಂಡಿಗೆ ಬಾಯಿಟ್ಟು ಮೂರು ಸಲ ಪೂರ್ತಿ ನಂಬರು ಹೇಳಿದೆ, ಪುಟ್ಟತಾಯಮ್ಮನಿಗೂ ಕಲಿಸಿದೆ. ಸಕ್ಕರೆ ಹಂಚಿದರು. ನಾನು ಎರಡು ಚಮಚ ತಿಂದೆ. ಆ ಸಕ್ಕರೆಯ ರುಚಿ ಇವತ್ತಿಗೂ ನನ್ನ ನಾಲಗೆಯ ಮೇಲೆ ಕಹಿಯಾಗಿ ಉಳಿದಿದೆ.

ಮಾರನೆಯ ದಿನ ಬೆಳಿಗ್ಗೆ ಎಂದಿನಂತೆ ದೀಪ ಹಚ್ಚಿ ಕೂತೆ. ನಾಲ್ಕು ಸಾಲು ಒತ್ತಿದೆ. ಒಂಬತ್ತಕ್ಕೆ ಕಟ್ಟೆಯ ಪುಟ ತೆರೆಯಲು ಹೋದರೆ ಪರದೆ ಬೆಳ್ಳಗೆ ನಿಂತಿತು. ಏನೋ ಒಂದು ಗಳಿಗೆ ಎಂದುಕೊಂಡೆ. ಐದು ನಿಮಿಷವಾಯಿತು, ಹತ್ತಾಯಿತು. ಪುಟದ ಮೇಲ್ಭಾಗ ಒಂದಿಷ್ಟು ಮೂಡಿ ಹಾಗೇ ನಿಂತುಬಿಟ್ಟಿತು.

ಕಚೇರಿಯ ಜವಾನ ಮರಿಗುಡ್ಡಯ್ಯ ಬಾಗಿಲಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. "ಏನಕ್ಕಾ, ಇವತ್ತು ಮೊಕ ಊದಿಸ್ಕಂಡು ಕುಂತದಾ?"

"ತಂತಿ ಸಡಿಲ ಆಗಿರಬೇಕು, ನೋಡಯ್ಯ."

ಅವನು ಬಗ್ಗಿ ನೋಡಿದ. "ಕಣ್ಣು ಮಿಟುಕಿಸ್ತಾ ಅದೆ. ಜೀವ ಅದೆ ಬುಡು."

ತಂತಿ ಕಿತ್ತು ಮತ್ತೆ ಸಿಕ್ಕಿಸಿದೆವು. ಹಸಿರು ದೀಪ ಮಿನುಗಿತು, ಆದರೆ ಪುಟ ಬರಲಿಲ್ಲ. ಹೆಬ್ಬಾಗಿಲನ್ನು ಕೂಗಿ ನೋಡಿದೆ. ಕೂಗುವುದು ಎಂದರೆ ಒಂದು ನಂಬರು ಒತ್ತಿ "ಇದ್ದೀಯಾ?" ಎಂದು ಕೇಳುವುದು, ಇದ್ದರೆ "ಇದ್ದೇನೆ" ಎಂದು ಒಂದೊಂದೇ ಸಾಲು ಮೂಡುತ್ತದೆ. ಮೂರು ಸಾಲು ಬಂತು. ನಿಂತಿತು. ಎಣಿಸುತ್ತಾ ಕೂತೆ, ಇಪ್ಪತ್ತಾದರೂ ಒಂದೂ ಇಲ್ಲ. ಮತ್ತೆ ಎರಡು ಬಂತು, ಮತ್ತೆ ಮೌನ. ಕೆಟ್ಟು ಹೋಗಿದ್ದರೆ ಪೂರ್ತಿ ಸುಮ್ಮನಿರಬೇಕಿತ್ತು. ಇದು ಯಾರೋ ನನ್ನ ಬಾಯಿಗೆ ಆಗಾಗ ಕೈ ಅಡ್ಡ ಹಿಡಿದ ಹಾಗಿತ್ತು.

ಪೂರ್ತಿ ಆರಿಸಿದೆ. ಮತ್ತೆ ಎಬ್ಬಿಸಿದೆ. ಕೂಸು ಕಣ್ಣು ಬಿಟ್ಟಿತು, ಎಲ್ಲ ಮರೆತಿತ್ತು. ನಾಲ್ಕು ಸಾಲನ್ನೂ ಗಟ್ಟಿಯಾಗಿ ಹೇಳಿಕೊಂಡು ಒಂದೊಂದೇ ಅಂಕಿ ಒತ್ತಿದೆ. ಮತ್ತೆ ಅದೇ.

"ಹನ್ನೆರಡೇ ದಿನ ಆಯ್ತು ಕನಕ್ಕ ನಿನಗೆ ಬಾಯಿಪಾಠ ಬಂದು," ಎಂದ ಮರಿಗುಡ್ಡಯ್ಯ, ನಗದೆ. "ನಂಬ್ರು ಏನಾರಾ ನಾಲಗೆ ಮೇಲಿಂದ ಜಾರ್ಬುಡ್ತಾ?"

ಒಳಗೊಳಗೇ ನಾನು ಹೆದರುತ್ತಿದ್ದುದನ್ನು ಅವನು ಬಾಯಿಬಿಟ್ಟು ಹೇಳಿದ್ದ. ಬಾಯಿಪಾಠದವಳ ಬಾಯಲ್ಲಿ ಪಾಠ ತಪ್ಪಿತೆಂದರೆ ಅದು ಊರಿನಲ್ಲಿ ಎಲ್ಲೂ ಇಲ್ಲ ಎಂದೇ ಅರ್ಥ. ಕೇಳಿ ತಿಳಿಯೋಣವೆಂದರೆ ಕಲಿಸಿದವರು ಮಣ್ಣಿನಲ್ಲಿದ್ದಾರೆ. ಗಡಿಯಾರ ಹತ್ತು ತೋರಿಸುತ್ತಿತ್ತು. ಈ ಹೊತ್ತಿಗೆ ಕೆಂಪಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಳ್ಳಿಯ ಸಾಲಿನಲ್ಲಿ ಬಗ್ಗಿರುತ್ತಾಳೆ.

"ಸೈರನ್ ಒತ್ಬುಡ್ಲಾ?" ಎಂದ ಅವನು.

"ಬೇಡ."

ಬೇಡ ಎಂದದ್ದಕ್ಕೆ ಕಾರಣವಿತ್ತು. ಹೋದ ವರ್ಷ ಸುದ್ದಿ ಬಾರದೆಯೇ ಎರಡು ಸಲ ಸೈರನ್ ಕೂಗಿಸಿದ್ದೆವು. ನಡುಗಡ್ಡೆಯವರು ಕಿತ್ತ ಹಣ್ಣು ಬಿಟ್ಟು ಓಡಿ ಬಂದರೆ ಹೊಳೆಗೆ ನೀರೇ ಬಿಟ್ಟಿರಲಿಲ್ಲ. ಇನ್ನು ಸೈರನ್ ಕೂಗಿದರೂ ಏಳುವುದಿಲ್ಲ ಎಂದುಬಿಟ್ಟಿದ್ದರು. ಆಮೇಲೆ ಪರದೆಯ ಮೇಲೆ ಕಣ್ಣಾರೆ ಕಾಣದೆ ಕೂಗಿಸುವುದಿಲ್ಲ ಎಂದು ಸಣ್ಣೀರಮ್ಮ ಹಲಗೆಯಮ್ಮನ ಮುಂದೆ ಆಣೆ ಇಟ್ಟು ಅವರನ್ನು ಮತ್ತೆ ಒಪ್ಪಿಸಿದ್ದರು. ಅದು ನಿಜ. ಆದರೆ ಇನ್ನೊಂದು ಕಾರಣವೂ ಇತ್ತು, ಅದನ್ನೂ ಹೇಳಬೇಕು. ಸೈರನ್ ಕೂಗಿದರೆ ಜನ ಬರುತ್ತಾರೆ, ಕೇಳುತ್ತಾರೆ. ಹನ್ನೆರಡೇ ದಿನಕ್ಕೆ ಮಲ್ಲಿಯ ಬಾಯಿ ಬರಿದಾಯಿತು ಎನ್ನುತ್ತಾರೆ. ಇನ್ನೊಂದು ಸಲ ನೋಡೋಣ, ಇನ್ನೊಂದು ಸಲ ನೋಡೋಣ ಎನ್ನುತ್ತಾ ನನ್ನ ಮಾನಕ್ಕಾಗಿ ನಾನು ಅರ್ಧ ಗಂಟೆ ಕಳೆದೆ. ತಂಗಿಯ ಜೀವ ಆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿತ್ತು.

ಹತ್ತೂವರೆಗೆ ಅಂಕಿ ಒತ್ತುವುದನ್ನು ನಿಲ್ಲಿಸಿದೆ. ಕಣ್ಣು ಮುಚ್ಚಿ ಹಲಗೆಯಮ್ಮನನ್ನು ನೆನೆದೆ. ಸಣ್ಣೀರಮ್ಮ ಹೇಳುತ್ತಿದ್ದ ಒಂದು ಮಾತು ನೆನಪಾಯಿತು: "ಮಾತು ಕೇಳ್ನಿಲ್ಲ ಅಂದ್ರೆ ನಿನ್ ಜಾಗದಿಂದ ಎದ್ದು ಇನ್ನೊಂದ್ ಕಡೆ ಕುಂತ್ಕೊಂಡು ನಿನ್ ಜಾಗನೇ ನೋಡು ಕನ್ ಮಗ." ಅದನ್ನು ನಾನು ಬಾಳಿನ ಬುದ್ಧಿಮಾತು ಎಂದುಕೊಂಡಿದ್ದೆ. ಅವತ್ತು ಅದು ಕೆಲಸದ ಮಾತಾಗಿ ಕೇಳಿಸಿತು. ಮನೆ ನಂಬರಿನ ಕೊನೆಯಲ್ಲಿ ನಲವತ್ತೇಳು ಅಳಿಸಿ ನಲವತ್ತೆಂಟು ಒತ್ತಿದೆ.

ಹೆಬ್ಬಾಗಿಲನ್ನು ಕೂಗಿದೆ. ಉತ್ತರ ಬಂತು. ಮತ್ತೊಂದು, ಮತ್ತೊಂದು, ಸೋನೆ ಹಿಡಿದ ಹಾಗೆ ಒಂದೂ ತಪ್ಪದೆ ಬರತೊಡಗಿತು. ಬೀದಿ ಸರಿಯಿದೆ, ಹೆಬ್ಬಾಗಿಲು ಸರಿಯಿದೆ, ನನ್ನ ಬಾಯಿಯೂ ಸರಿಯಿದೆ! ಕಟ್ಟೆಯ ಪುಟಕ್ಕೆ ಹೋದೆ. "ನೀವು ಯಾರೋ ಗೊತ್ತಿಲ್ಲ" ಎಂದು ಅದು ಬಾಗಿಲು ಹಾಕಿತು. ನಲವತ್ತೆಂಟಕ್ಕೆ ಅಲ್ಲಿ ಬೆಲೆಯಿಲ್ಲ.

ಹಾಗಾದರೆ ನಲವತ್ತೇಳಕ್ಕೆ ಏನಾಗಿದೆ? ನಾನು ಎದ್ದುಬಂದ ಜಾಗ. ಅದೀಗ ಖಾಲಿ ಇರಬೇಕು. ಸುಮ್ಮನೆ, ಗುರುವಿನ ಮಾತಿನಂತೆ, ಆ ಜಾಗವನ್ನು ನೋಡೋಣವೆಂದು ನಲವತ್ತೇಳನ್ನು ಕೂಗಿದೆ. ಇದ್ದೀಯಾ?

"ಇದ್ದೇನೆ" ಎಂದಿತು.

ಒಂದು ಸಾಲು. ಇನ್ನೊಂದು ಸಾಲು. ಇದ್ದೇನೆ, ಇದ್ದೇನೆ, ಇದ್ದೇನೆ. ಹದಿನಾರು ವರ್ಷ ಆ ನಂಬರಿನಲ್ಲಿ ಕೂತವರು ಒಬ್ಬರೇ. ಅವರ ಕಣ್ಣು ಮುಚ್ಚಿದ್ದು ಈ ಕೈ. ಮರಿಗುಡ್ಡಯ್ಯನ ಕೈಯಿಂದ ಸುಣ್ಣದ ಡಬ್ಬಿ ಬಿತ್ತು. ಅವನಿಗೆ ಓದು ಬಾರದು, ಆದರೆ ನಂಬರಿನ ಆಕಾರ ಗೊತ್ತು.

"ಯಾರಕ್ಕ ಅದು?" ಎಂದ. ಅವನ ದನಿ ಅವನದಾಗಿರಲಿಲ್ಲ. "ನೀನು ಇಲ್ಲಿದ್ದೀಯಲ್ಲ, ಅಲ್ಲಿ ಯಾರು?"

ನಾನು ಎದ್ದು ದೀಪದ ಮುಂದೆ ನಿಂತೆ. ಅವ್ವಾ, ನಿಮ್ಮ ಜಾಗದಲ್ಲಿ ಕೂತದ್ದು ತಪ್ಪಾಯಿತೆ? ಎಂದು ಕೇಳಬೇಕೆನಿಸಿತು. ದೀಪದ ಕುಡಿ ಅಲುಗದೆ ಉರಿಯುತ್ತಿತ್ತು. ಅದನ್ನೇ ನೋಡುತ್ತಾ ನಿಂತೆ. ಆಗ, ಭಯದ ಅಡಿಯಿಂದ, ಇನ್ನೊಂದು ಭಯ ಮೇಲೆ ಬಂತು. ಸಕ್ಕರೆಯ ರುಚಿ. ತೊಟ್ಟಿಲು. ಗಾಳಿಕಿಂಡಿಗೆ ಇಟ್ಟ ನನ್ನದೇ ಬಾಯಿ.

"ಮರಿಗುಡ್ಡಯ್ಯ, ಡೈರಿ ಕಂಪ್ಯೂಟರನ್ನು ಇವತ್ತು ನಮ್ಮ ತಂತಿಗೇ ಹಾಕಿದಾರಾ?"

"ಬೆಳಿಗ್ಗೆನೇ ಹಾಕವ್ರೆ. ಮಂಗಳಾರತಿ ಮಾಡಿ."

ಹಿಂದಿನ ಬೀದಿಗೆ ಓಡಿದೆ. ಐವತ್ತು ದಾಟಿದ ಕಾಲುಗಳು, ಓಡಿದ್ದು ಹೇಗೋ ಗೊತ್ತಿಲ್ಲ. ಡೈರಿಯಲ್ಲಿ ಹಾಲು ಹಾಕುವವರು ಆಗಲೇ ಹೋಗಿದ್ದರು. ಕಂಪ್ಯೂಟರಿನ ನೆತ್ತಿಗೆ ಒಂದು ಮೊಳ ಮಲ್ಲಿಗೆ. ಅದರ ಮುಂದೆ ಪುಟ್ಟತಾಯಮ್ಮ ಗಲ್ಲಕ್ಕೆ ಕೈಕೊಟ್ಟು ಕೂತು ನಗುತ್ತಿದ್ದಳು. ಅವಳು ಹಾಗೆ ನಕ್ಕದ್ದನ್ನು ಆ ಹನ್ನೆರಡು ದಿನದಲ್ಲಿ ನಾನು ನೋಡಿರಲಿಲ್ಲ.

"ಬಾ ಮಲ್ಲಿ, ಕುಂತ್ಕೊ. ಬೆಳಗ್ಗಿಂದ ಅವ್ವ ಆಟ ಆಡ್ತಾವ್ಳೆ. ಒಂದ್ ಗಳಿಗೆ ಮಾತಾಡ್ತಾಳೆ, ಒಂದ್ ಗಳಿಗೆ ಮುನಿಸ್ಕೊಂಡು ಬಾಯಿ ಮುಚ್ತಾಳೆ. ಇದ್ದಾಗ್ಲೂ ಹಿಂಗೇ ಅಲ್ವಾ? ಈಗೊಂದ್ ಅರ್ಧ ಗಂಟೆಯಿಂದ ಚೆನ್ನಾಗವ್ಳೆ."

ಅರ್ಧ ಗಂಟೆಯಿಂದ. ನಾನು ನಲವತ್ತೇಳನ್ನು ಬಿಟ್ಟು ಎದ್ದ ಹೊತ್ತಿನಿಂದ.

"ಅದು ಅವ್ವ ಅಲ್ಲ ತಾಯಕ್ಕ. ನಾನು," ಎಂದೆ. "ಬೆಳಗ್ಗಿಂದ ನಾನೂ ನೀನೂ ಒಂದೇ ಕುರ್ಚಿಗೆ ಎಳೆದಾಡ್ತಾ ಇದೀವಿ. ಒಂದು ನಂಬರಲ್ಲಿ ಇಬ್ಬರು ಕೂರೋಕಾಗಲ್ಲ. ಹೆಬ್ಬಾಗಿಲಿಂದ ಬಂದ ಮಾತು ಒಂದ್ಸಲ ನಿನ್ ಮನೆಗೆ ಹೋಗ್ತದೆ, ಒಂದ್ಸಲ ನನ್ ಮನೆಗೆ. ಕಟ್ಟೆ ಸುದ್ದಿ ನನಗೆ ಬಂದಿಲ್ಲ. ಇದನ್ನ ಆರಿಸು."

ಅವಳ ನಗು ಮುಖದ ಮೇಲೇ ಉಳಿದು ಒಣಗಿತು. "ಆರಿಸಿದ್ರೆ ಎಲ್ಲಾ ಮರ್ತೋಯ್ತದೆ."

"ಹೌದು."

"ಕೊಟ್ಟ ಹೆಸರ್ನ ಮಾರ್ನೆ ದಿನಕ್ಕೇ ಕಿತ್ಕೊಳಾದಾ? ಯಾವ್ ಊರಲ್ಲಿ ಕಂಡಿದ್ದೀಯೆ? ಕೂಸಿನ ಹೆಸರು ಕಿತ್ಕೊಂಡ್ರೆ ಏನಾಯ್ತದೆ ಗೊತ್ತಾ ನಿಂಗೆ?" ಎದ್ದು ಕಂಪ್ಯೂಟರಿಗೆ ಬೆನ್ನು ಕೊಟ್ಟು ನಿಂತಳು. "ನಮ್ಮವ್ವನ್ನ ಇನ್ನೊಂದ್ಸಲ ಸಾಯ್ಸಾಕೆ ಬಂದಿದ್ದೀಯಾ? ನಿನಗೆ ಬೇಕಾದ್ರೆ ಬೇರೆ ನಂಬ್ರು ತಕ್ಕೊ, ಹೋಗು!"

ಡೈರಿಯ ಗೋಡೆಯ ಗಡಿಯಾರದಲ್ಲಿ ಹನ್ನೊಂದಕ್ಕೆ ಐದು ನಿಮಿಷವಿತ್ತು. ಬಾಯಿಪಾಠದವಳಾಗಿ ನಾನು ಬಹಳ ಮಾತು ಬಲ್ಲೆ, ಆಗ ಒಂದೇ ಬಂತು.

"ಕೆಂಪಿ ನಡುಗಡ್ಡೇಲವ್ಳೆ ತಾಯಕ್ಕ."

ಅವಳು ನನ್ನನ್ನು ನೋಡಿದಳು. ಗಡಿಯಾರ ನೋಡಿದಳು. ಕೆಂಪಿಯನ್ನು ಸೊಂಟದ ಮೇಲೆ ಎತ್ತಿ ಆಡಿಸಿದವಳು ಅವಳು. ನಿಧಾನವಾಗಿ ಪಕ್ಕಕ್ಕೆ ಸರಿದು, ಗೋಡೆಯ ಕಡೆ ಮುಖ ಮಾಡಿ ನಿಂತಳು.

"ಕಿವೀಲಿ ಹೇಳ್ದೋಳು ನೀನು. ನೀನೇ ತಕ್ಕೊ. ನಾನು ನೋಡಾಕಿಲ್ಲ."

ನಾನು ಮಲ್ಲಿಗೆಯನ್ನು ಸರಿಸಿ, ಗಾಳಿಕಿಂಡಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಸ್ವಿಚ್ಚು ಆರಿಸಿದೆ. ಒಳಗೆ ತಿರುಗುತ್ತಿದ್ದ ಫ್ಯಾನು ಇಳಿಯುತ್ತಾ ಇಳಿಯುತ್ತಾ ನಿಂತಿತು. ಕೊನೆಯ ಉಸಿರು ಹೇಗಿರುತ್ತದೆಂದು ಹನ್ನೆರಡು ದಿನದ ಹಿಂದೆ ಕೇಳಿದ್ದ ನನಗೆ ಅದೇ ಸದ್ದು ಕೇಳಿಸಿತು. ಗೋಡೆಯ ಕಡೆಯಿಂದ ಪುಟ್ಟತಾಯಮ್ಮನ ಬಿಕ್ಕು. ನಿಂತು ಸಮಾಧಾನ ಹೇಳಲು ಹೊತ್ತಿರಲಿಲ್ಲ.

ಮತ್ತೆ ಕಚೇರಿ. ನಲವತ್ತೆಂಟರಲ್ಲಿ ಕೂತುಕೊಂಡೇ ನಲವತ್ತೇಳನ್ನು ಕೂಗಿದೆ. ಇದ್ದೀಯಾ? ಯಾರೂ ಇರಲಿಲ್ಲ. ಹತ್ತು ಎಣಿಸಿದೆ. ಇಲ್ಲ. ಆಗ ನಾನು ಆ ಜಾಗಕ್ಕೆ ಹೋಗಿ ಕೂತೆ. ಪುಟ ಒಮ್ಮೆಗೇ ತೆರೆದುಕೊಂಡಿತು. ಬೆಳಗ್ಗಿನಿಂದ ಕಾದು ಕೂತಿದ್ದ ಸುದ್ದಿ ಒಂದೇ ಸಾಲಿನದು: ಹನ್ನೊಂದು ಗಂಟೆ, ನಾಲ್ಕು ಬಾಗಿಲು. ಬೇಸಗೆಯಲ್ಲಿ ನಾಲ್ಕು ಬಾಗಿಲನ್ನು ಒಟ್ಟಿಗೆ ಎತ್ತಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಹನ್ನೊಂದು ದಾಟಿ ಏಳು ನಿಮಿಷವಾಗಿತ್ತು.

"ಒತ್ತಯ್ಯಾ!" ಎಂದು ಕೂಗಿದೆ. ಮರಿಗುಡ್ಡಯ್ಯ ಆಗಲೇ ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತಿದ್ದ.

ಸೈರನ್ನು ಕೂಗಿತು. ಮಾಳಿಗೆ ನಡುಗಿತು. ಅದು ನಿಂತ ಮೇಲೆ ನಮಗೆ ಮಾಡಲು ಏನೂ ಉಳಿದಿರಲಿಲ್ಲ, ಅದೇ ಎಲ್ಲಕ್ಕಿಂತ ಕಷ್ಟ. ಹೊಳೆದಂಡೆಗೆ ಹೋಗಲು ನನಗೆ ಧೈರ್ಯ ಬರಲಿಲ್ಲ. ನಾಲ್ಕು ಬಾಗಿಲಿನ ನೀರು ಹನ್ನೊಂದೂವರೆಯವರೆಗೆ ಕಾಯಲಿಲ್ಲ. ಹನ್ನೊಂದೂಕಾಲಿಗೇ ದೂರದಲ್ಲಿ ಒಂದು ಸದ್ದು ಎದ್ದಿತು, ಬಂಡೆಯ ಮೇಲೆ ಯಾರೋ ಜೋಳ ಸುರಿಯುತ್ತಿರುವಂಥ ಸದ್ದು. ಅದು ಬೆಳೆಯುತ್ತಾ ಹೋಯಿತು. ನಾನು ದೀಪದ ಮುಂದೆ ಕೂತು ನಾಲ್ಕು ಸಾಲು ನಂಬರನ್ನೇ ಮಂತ್ರದ ಹಾಗೆ ಹೇಳಿಕೊಳ್ಳುತ್ತಿದ್ದೆ. ಬೇರೆ ಯಾವ ದೇವರ ಹೆಸರೂ ಬಾಯಿಗೆ ಬರಲಿಲ್ಲ.

ಹನ್ನೆರಡೂಕಾಲಿಗೆ ಬಾಗಿಲಿಗೆ ನೆರಳು ಬಿತ್ತು. ಕುತ್ತಿಗೆಯವರೆಗೆ ನೆಂದು, ಕೂದಲಿನಿಂದ ಕೆಸರು ಸುರಿಸಿಕೊಂಡು, ಕಂಕುಳಲ್ಲಿ ಒಂದೇ ಒಂದು ಕರಬೂಜ ಹಿಡಿದುಕೊಂಡು ಕೆಂಪಿ ನಿಂತಿದ್ದಳು.

"ಏನಕ್ಕಾ, ನಿದ್ದೆ ಹೊಡೀತಿದ್ದಾ ಇಲ್ಲಿ?" ಎಂದು ಕಿರುಚಿದಳು. "ಸೈರನ್ ಕೇಳಿ ಕಾಲೆತ್ತೋ ಹೊತ್ಗೆ ನೀರು ಮೊಣಕಾಲ್ಗೆ ಬಂದಿತ್ತು, ದಡ ಹತ್ತೋ ಹೊತ್ಗೆ ಕುತ್ಗೆಗೆ! ಒಬ್ರ ಸೆರಗು ಒಬ್ರು ಹಿಡ್ಕೊಂಡು ಬಂದೋ. ಗುಡ್ಲೆಲ್ಲಾ ಕೊಚ್ಕೊಂಡೋದ್ವು. ಒಂದ್ ಗಂಟೆ ಮುಂಚೆ ಕೂಗ್ಸಿದ್ರೆ ಹಣ್ಣಿನ್ ಮೂಟೆನಾರಾ ತತ್ತಿದ್ನಲ್ಲೇ!" ಬೈಯುತ್ತಾ ಬೈಯುತ್ತಾ ಕುಸಿದು ಕೂತು ಅಳತೊಡಗಿದಳು. ಹನ್ನೆರಡು ಮನೆಯವರೂ ದಡ ಸೇರಿದ್ದರು. ಎರಡು ಆಡು ಹೋಗಿದ್ದವು.

ಅವತ್ತು ಸಂಜೆ ಹಲಗೆಯಮ್ಮನ ಮುಂದೆ ನಿಂತೆನೆಂದು ಹೇಳಿದೆನಲ್ಲ. ಮಾನಕ್ಕಾಗಿ ಕಳೆದ ಆ ಅರ್ಧ ಗಂಟೆಯನ್ನು ಬರೆದು ಬರೋಣವೆಂದು ಹೋಗಿದ್ದೆ. ಕೈ ಎತ್ತಿದೆ, ಕಲ್ಲಿಗೆ ಸುಣ್ಣ ಮುಟ್ಟಿಸಲಿಲ್ಲ. ಇದನ್ನು ಒರೆಸಬೇಡ ತಾಯಿ, ನನ್ನ ಬಾಯಲ್ಲೇ ಇರಲಿ ಎಂದು ಕಡ್ಡಿಯನ್ನು ಕಲ್ಲಿನ ಬುಡದಲ್ಲಿಟ್ಟು ಬಂದೆ. ಅದಕ್ಕೇ ನಿಮಗೆ ಇಷ್ಟೆಲ್ಲ ಹೇಳಲು ಆಯಿತು.

ಡೈರಿಯ ಕಂಪ್ಯೂಟರಿಗೆ ಯಾರೂ ಕೂತಿರದ ಒಂದು ನಂಬರು ಕೊಟ್ಟೆವು. ಈ ಸಲ ತೊಟ್ಟಿಲು ಕಟ್ಟಲಿಲ್ಲ. ಸಣ್ಣೀರಮ್ಮನ ಹೆಸರು ಮುಂದಿನ ತಿಂಗಳು ಹುಟ್ಟಿದ ಒಂದು ಹೆಣ್ಣುಕೂಸಿಗೆ ಹೋಯಿತು.

ನನ್ನ ಬೆಳಗಿನ ಪಾಠಕ್ಕೆ ಈಗ ಐದನೆಯ ಸಾಲು ಸೇರಿದೆ. ಕೂಸು ಕಣ್ಣು ಬಿಟ್ಟ ಕೂಡಲೇ ನಲವತ್ತೇಳರಲ್ಲಿ ಕೂರುವುದಿಲ್ಲ. ಮೊದಲು ಪಕ್ಕದ ಜಾಗದಲ್ಲಿ ಕೂತು ಆ ಜಾಗವನ್ನು ಕೂಗುತ್ತೇನೆ. ಇದ್ದೀರಾ? ಆ ಹೊತ್ತಿಗೆ ಸರಿಯಾಗಿ ಪುಟ್ಟತಾಯಮ್ಮ ಹಾಲಿನ ಚೆಂಬು ಹಿಡಿದು ಬರುತ್ತಾಳೆ. ಆ ವಿಷಯ ಅವಳೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ. ನನ್ನ ಕುರ್ಚಿಯ ಬೆನ್ನು ಹಿಡಿದು ನಿಂತು ಪರದೆ ನೋಡುತ್ತಾಳೆ. ಉತ್ತರ ಬರದಿರಲಿ ತಾಯೀ ಎಂದು ಬೇಡುತ್ತಾ ನಾನು ಹತ್ತರವರೆಗೆ ಎಣಿಸುತ್ತೇನೆ. ಬರುವುದಿಲ್ಲ. ಆದರೂ ಅವಳ ಕೈ ಕುರ್ಚಿಯನ್ನು ಬಿಡುವವರೆಗೆ, ಇನ್ನೊಂದು ಹತ್ತು ಎಣಿಸುತ್ತೇನೆ.